ಓದು ಅರ್ಧಕ್ಕೆ ಬಿಟ್ಟ ತಾಳಗುಂದದ ಹುಡುಗ

ಮಯೂರ ಸಿನಿಮಾ ಪೂರ್ತಿ ನೋಡದೇ ಇರೋರು ನಮ್ಮ ಕ್ಯಾಂಪಸ್ಸಲ್ಲಿ ತುಂಬಾ ಜನ ಇರಬಹುದು. ಆದರೆ ಅದರ ಹಾಡು ಕೇಳದೇ ಇರೋರು ಸಿಗೋದು ಕಷ್ಟ. ರಾಜ್ಯೋತ್ಸವ ಇರಲಿ, ಫೆಸ್ಟ್ ಇರಲಿ, ಯಾರಾದರೂ ಒಬ್ಬರು ಮೈಕ್ ಹಿಡಿದು ಅದನ್ನ ಹಾಡೇ ಹಾಡ್ತಾರೆ. 1975ರಲ್ಲಿ ಬಂದ ಆ ಸಿನಿಮಾ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು. ಅಲ್ಲಿಂದ ಮಯೂರ ಅಂದರೆ ಕನ್ನಡಿಗರಿಗೆ ಡಾ. ರಾಜ್‌ಕುಮಾರ್ ಮುಖ, ಕಿರೀಟ, ಕತ್ತಿ, ಕುದುರೆ. ನಾವು ಈ ಸಂಚಿಕೆಗೆ ಬರೀತಿರೋದು ಅದಕ್ಕಿಂತ ಸ್ವಲ್ಪ ಹಿಂದಿನ ಮಯೂರನ ಬಗ್ಗೆ. ಕಿರೀಟ ಇನ್ನೂ ಬಂದಿರಲಿಲ್ಲ. ಕತ್ತಿ ಮುಟ್ಟಿರಲಿಲ್ಲ. ಶಿಕಾರಿಪುರ ತಾಲೂಕಿನ ಒಂದು ಹಳ್ಳಿಯಿಂದ ಹೆಚ್ಚಿನ ಓದಿಗೆ ಅಂತ ದೂರದ ಊರಿಗೆ ಹೊರಟ ಹುಡುಗ ಅಷ್ಟೇ.

ಇದನ್ನ ಬರೆಯೋ ಯೋಚನೆ ಬಂದದ್ದು ಮೆಸ್ಸಿನ ಒಂದು ವಾದದಿಂದ. ಸೊರಬ ಕಡೆಯ ಗೆಳೆಯನ ತಂಗಿ ಪಿಯುಸಿ ಆದಮೇಲೆ ಫ್ರೆಂಚ್ ಭಾಷೆ ಮತ್ತು ಸಾಹಿತ್ಯದಲ್ಲಿ ಆನರ್ಸ್ ಮಾಡ್ತೀನಿ ಅಂತ ಹೊರಟಿದ್ದಾಳೆ. ಟೇಬಲ್ಲಿನ ಅರ್ಧ ಜನ ಒಟ್ಟಿಗೆ ಕೇಳಿದ್ದು, ಅದನ್ನ ಓದಿ ಏನು ಮಾಡ್ತಾಳೆ ಅಂತ. ಇನ್ನರ್ಧ ಜನ ಪ್ಯಾಕೇಜ್ ಎಷ್ಟು ಅಂತ. ಭಾಷೆ ಅನ್ನೋದು ನಾಲ್ಕು ವರ್ಷ ಕೂತು ಓದೋ ವಿಷಯವೇ, ಆಪ್ ಹಾಕ್ಕೊಂಡ್ರೆ ಬರಲ್ವಾ ಅಂತ ಒಬ್ಬ. ಆಗ ಸೊರಬದ ಗೆಳೆಯ ಹೇಳಿದ್ದು, ನಮ್ಮ ಕಡೆಯಿಂದ ಭಾಷೆ ಓದೋಕೆ ಅಂತ ಹೊರಗೆ ಹೋದವರಲ್ಲಿ ಹೆಸರು ಉಳಿದಿರೋ ಮೊದಲನೆಯವನು ಮಯೂರ ಅಂತ. ಎಲ್ಲರೂ ನಕ್ಕರು. ಆಮೇಲೆ ನಾವು ಕೂತು ಓದಿ ನೋಡಿದ್ವಿ. ಅವನ ಮಾತಲ್ಲಿ ತಮಾಷೆಗಿಂತ ನಿಜವೇ ಜಾಸ್ತಿ ಇತ್ತು.

ಮೊದಲು ಊರು. ಶಿಕಾರಿಪುರದಿಂದ ಸೊರಬದ ರಸ್ತೆಯಲ್ಲಿ ಶಿರಾಳಕೊಪ್ಪ ಸಿಗುತ್ತೆ. ಅದರ ಹತ್ತಿರದ ಹಳ್ಳಿ ತಾಳಗುಂದ. ಹಳೆಯ ಹೆಸರು ಸ್ಥಾನಕುಂದೂರು. ಪಕ್ಕದಲ್ಲೇ ಬಳ್ಳಿಗಾವಿ, ಅಂದರೆ ಅಲ್ಲಮಪ್ರಭುವಿನ ಊರು. ಇನ್ನೊಂದು ದಿಕ್ಕಿಗೆ ಸೊರಬ ತಾಲೂಕು, ಅದರ ಗಡಿ ದಾಟಿದರೆ ವರದಾ ನದಿ ದಂಡೆಯ ಬನವಾಸಿ. ದಸರಾ ರಜೆಯಲ್ಲಿ ನಾವು ಮೂರು ಜನ ಹೋಗಿದ್ವಿ. ದಾರಿ ಉದ್ದಕ್ಕೂ ಗೋವಿನಜೋಳ, ನಡುನಡುವೆ ಅಡಿಕೆ ತೋಟ, ಕೆರೆಗಳು. ಊರಲ್ಲಿ ಪ್ರಣವೇಶ್ವರ ದೇವಸ್ಥಾನ. ಹೊರಗಿಂದ ನೋಡಿದರೆ ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಏನೂ ಅನ್ನಿಸಲ್ಲ, ಸಾದಾ ಕಲ್ಲಿನ ಗುಡಿ. ಅದರ ಮುಂದೆ ಒಂದು ಕಂಬ ನಿಂತಿದೆ. ಮಯೂರನ ಬದುಕಿನ ಬಗ್ಗೆ ನಮಗೆ ಗೊತ್ತಿರೋ ಹೆಚ್ಚುಕಡಿಮೆ ಎಲ್ಲವೂ ಆ ಕಂಬದ ಮೇಲೇ ಇದೆ.

ಕಂಬಕ್ಕೆ ಎಂಟು ಮುಖ. ಅಕ್ಷರಗಳು ನಾವು ಓದೋ ಹಾಗೆ ಅಡ್ಡಕ್ಕೆ ಇಲ್ಲ, ಕಂಬದ ಉದ್ದಕ್ಕೆ ಕೆಳಗಿಂದ ಮೇಲಕ್ಕೆ ಏರ್ತಾ ಹೋಗ್ತವೆ. ಓದಬೇಕಾದರೆ ಕತ್ತು ಓರೆ ಮಾಡ್ಕೋಬೇಕು. ಭಾಷೆ ಸಂಸ್ಕೃತ, 34 ಪದ್ಯ. ಬರೆದವನ ಹೆಸರು ಕುಬ್ಜ. ಕಾವ್ಯ ರಚಿಸಿದ್ದೂ ಅವನೇ, ಕಲ್ಲಿನ ಮೇಲೆ ಬರೆದದ್ದೂ ಅವನೇ ಅಂತ ಕಂಬವೇ ಹೇಳುತ್ತೆ. ಕೋಡ್ ಬರೆದವನೇ ಡಿಪ್ಲಾಯ್ ಕೂಡ ಮಾಡಿದ್ದಾನೆ. ಇದನ್ನ ಮಾಡಿಸಿದ್ದು ಮಯೂರನ ವಂಶದ ಶಾಂತಿವರ್ಮನ ಕಾಲದಲ್ಲಿ, ಸುಮಾರು 450ರ ನಂತರ. ಅಂದರೆ ಮಯೂರ ಸತ್ತು ನೂರು ವರ್ಷದ ಆಸುಪಾಸಲ್ಲಿ. ನಮ್ಮ ಮುತ್ತಜ್ಜನ ಬಗ್ಗೆ ನಾವು ಬರೆದರೆ ಎಷ್ಟು ಸರಿ ಇರುತ್ತೋ ಅಷ್ಟು ಸರಿ ಅಂತ ಇಟ್ಟುಕೊಂಡು ಓದೋದು ಒಳ್ಳೇದು. ಸಾವಿರಾರು ಶಾಸನ ಓದಿ ಪ್ರಕಟಿಸಿದ ಬಿ. ಎಲ್. ರೈಸ್ ಇದನ್ನೂ ಹೊರಗೆ ತಂದರು. ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟ ಅಚ್ಚಾದದ್ದು 1902ರಲ್ಲಿ. ಅಲ್ಲೀವರೆಗೆ ಕದಂಬರ ಮೂಲ ಅಂದರೆ ಬರೀ ಪುರಾಣದ ಕಥೆ.

ಕಂಬದ ಪ್ರಕಾರ ಮಯೂರನ ಮನೆಯವರು ರಾಜರಲ್ಲ. ಇದು ಸಿನಿಮಾಗೂ ಇತಿಹಾಸಕ್ಕೂ ಇರೋ ದೊಡ್ಡ ವ್ಯತ್ಯಾಸ. ಸಿನಿಮಾದಲ್ಲಿ ಅವನು ತನಗೇ ಗೊತ್ತಿಲ್ಲದ ರಾಜಕುಮಾರ. ಕಂಬದಲ್ಲಿ ಅವನು ವೇದ ಓದೋ, ಓದಿಸೋ ಬ್ರಾಹ್ಮಣರ ಮನೆ ಹುಡುಗ. ಮಾನವ್ಯ ಗೋತ್ರ. ಮನೆ ಹತ್ತಿರ ಒಂದು ಕದಂಬ ಮರ ಇತ್ತು, ಅದನ್ನ ಚೆನ್ನಾಗಿ ನೋಡ್ಕೊಂಡಿದ್ದರಿಂದ ಮನೆತನಕ್ಕೆ ಆ ಹೆಸರೇ ಬಂತು. ಕನ್ನಡ ನಾಡಿನ ಮೊದಲ ರಾಜಮನೆತನದ ಹೆಸರು, ಈಗ ಕಾರವಾರದ ನೌಕಾನೆಲೆಗೂ ಇಟ್ಟಿರೋ ಹೆಸರು, ಹಿತ್ತಲ ಮರದ್ದು. ಹೆಸರಿನ ಕೊನೆಯಲ್ಲಿ ವರ್ಮ ಅಂತ ನಾವೆಲ್ಲ ಹೇಳ್ತೀವಲ್ಲ, ಅದೂ ಆಮೇಲಿನದು. ತಾಳಗುಂದದ ಕಂಬದಲ್ಲಿ ಅವನು ಮಯೂರಶರ್ಮ. ಅವನದೇ ಕಾಲದ್ದು ಅನ್ನೋ ಚಂದ್ರವಳ್ಳಿ ಶಾಸನದಲ್ಲೂ ಶರ್ಮನೇ. ವರ್ಮ ಅಂತ ಆದದ್ದು ಮಗ ಕಂಗವರ್ಮನಿಂದ.

ಅವನು ಕಲಿಯೋಕೆ ಹೊರಟದ್ದು ಕಾಂಚಿಗೆ, ಪಲ್ಲವರ ರಾಜಧಾನಿಗೆ. ಒಬ್ಬನೇ ಅಲ್ಲ. ಜೊತೆಗೆ ವೀರಶರ್ಮ ಅನ್ನೋ ಗುರು, ಅವನ ಅಜ್ಜ ಅಂತ ಇತಿಹಾಸದ ಪುಸ್ತಕಗಳು ಹೇಳ್ತವೆ. ತಾಳಗುಂದದಿಂದ ಕಾಂಚಿಗೆ ಐನೂರು ಕಿಲೋಮೀಟರಿಗೂ ಹೆಚ್ಚು. ಮಲೆನಾಡಿನ ಅಂಚು ಬಿಟ್ಟು, ಬಯಲುಸೀಮೆ ದಾಟಿ, ಘಾಟಿ ಇಳಿದು ಹೋಗಬೇಕು. ಅಜ್ಜ ಮೊಮ್ಮಗ ಇಬ್ಬರೂ ಅಷ್ಟು ದೂರ ಹೋದದ್ದು ವ್ಯಾಪಾರಕ್ಕಲ್ಲ, ನೌಕರಿಗಲ್ಲ. ಊರಲ್ಲಿ ಆಗಲೇ ಓದಿದ್ದ ಹುಡುಗ ಉಳಿದದ್ದನ್ನೆಲ್ಲ ಪೂರ್ತಿ ಮಾಡಬೇಕು ಅಂತ. ಅಲ್ಲಿ ಅವನು ಸೇರಿದ್ದು ಘಟಿಕೆಗೆ.

ಘಟಿಕೆ ಅಂದರೆ ಆ ಕಾಲದ ವಿಶ್ವವಿದ್ಯಾಲಯ ಅನ್ನೋದು ವಾಡಿಕೆ. ಪೂರ್ತಿ ಸರಿ ಅಲ್ಲ, ಆದರೂ ಬೇರೆ ಪದ ನಮಗೆ ಸಿಗಲಿಲ್ಲ. ಓದು ಮುಗಿಸಿದ ವಿದ್ವಾಂಸರು, ಓದ್ತಿರೋರು ಸೇರಿ ಇರ್ತಿದ್ದ, ರಾಜರ ಆಶ್ರಯದಲ್ಲಿ ನಡೀತಿದ್ದ ವಿದ್ಯಾಸಂಸ್ಥೆ. ಅಲ್ಲಿ ಏನು ಓದ್ತಿದ್ದರು ಅಂತ ನೋಡಿದಾಗಲೇ ಸೊರಬದ ಗೆಳೆಯನ ಮಾತಿಗೆ ಬೆಲೆ ಬಂದದ್ದು. ವೇದ ಅಂದ ತಕ್ಷಣ ನಮಗೆ ಪೂಜೆ, ಹೋಮ ನೆನಪಾಗುತ್ತೆ. ಆದರೆ ವೇದ ಓದೋಕೆ ಬೇಕಾದ ಆರು ಅಂಗಗಳಲ್ಲಿ ನಾಲ್ಕು ಭಾಷೆಗೇ ಸೇರಿದ್ದು. ಶಿಕ್ಷಾ ಅಂದರೆ ಉಚ್ಚಾರಣೆ, ಯಾವ ಧ್ವನಿ ಬಾಯಿಯ ಯಾವ ಜಾಗದಿಂದ ಹುಟ್ಟುತ್ತೆ ಅನ್ನೋದು. ವ್ಯಾಕರಣ ಗೊತ್ತೇ ಇದೆ. ನಿರುಕ್ತ ಅಂದರೆ ಪದದ ಮೂಲ, ಅರ್ಥ. ಛಂದಸ್ಸು ಪದ್ಯದ ಲೆಕ್ಕ. ಉಳಿದವು ಎರಡೇ, ಜ್ಯೋತಿಷ ಮತ್ತು ಕಲ್ಪ. ಇವತ್ತಿನ ಯಾವುದಾದರೂ ಭಾಷೆಯ ಆನರ್ಸ್ ಸಿಲಬಸ್ ತೆಗೆದು ನೋಡಿದರೂ ಧ್ವನಿ, ವ್ಯಾಕರಣ, ಪದಮೂಲ, ಕಾವ್ಯ ಇವೇ ಪೇಪರ್‌ಗಳು. ಕಲ್ಪದ ಒಳಗೆ ಯಜ್ಞದ ಇಟ್ಟಿಗೆ ಜೋಡಿಸೋ ಶುಲ್ಬಸೂತ್ರ ಬರುತ್ತೆ, ಅದರಲ್ಲಿ ರೇಖಾಗಣಿತ ಇದೆ, ಹಾಗಾಗಿ ಸಿವಿಲ್‌ನವರು ಪೂರ್ತಿ ಬೇಜಾರು ಮಾಡ್ಕೋಬೇಕಿಲ್ಲ.

ಓದೋ ಕ್ರಮದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಇದು ನಮ್ಮ ಬ್ರಾಂಚಿನೋರಿಗೆ ಇಷ್ಟ ಆಗುತ್ತೆ. ವೇದವನ್ನ ಪುಸ್ತಕ ನೋಡಿ ಕಲೀತಿರಲಿಲ್ಲ, ಬಾಯಿಂದ ಬಾಯಿಗೆ. ಒಂದು ಅಕ್ಷರ, ಒಂದು ಸ್ವರ ತಪ್ಪಬಾರದು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಒಂದೇ ಸಾಲನ್ನ ಬೇರೆ ಬೇರೆ ಜೋಡಣೆಯಲ್ಲಿ ಕಲಿಯೋದು. ಮೊದಲು ಹಾಗೇ ನೇರವಾಗಿ. ಆಮೇಲೆ ಪದಪದ ಬಿಡಿಸಿ. ಆಮೇಲೆ ಒಂದು-ಎರಡು, ಎರಡು-ಮೂರು, ಮೂರು-ನಾಲ್ಕು ಅಂತ ಜೋಡಿ ಜೋಡಿಯಾಗಿ, ಇದು ಕ್ರಮಪಾಠ. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಮತ್ತೆ ಒಂದು-ಎರಡು. ಘನಪಾಠ ಇದಕ್ಕಿಂತ ತೊಡಕು, ಮೂರು ಪದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತೆ. ಒಂದು ಕಡೆ ತಪ್ಪಿದರೆ ಇನ್ನೊಂದು ಜೋಡಣೆ ಹಿಡಿದುಬಿಡುತ್ತೆ. ನಾವು ನಾಲ್ಕನೇ ಸೆಮಿಸ್ಟರಲ್ಲಿ ಎರರ್ ಕರೆಕ್ಷನ್ ಕೋಡ್ ಅಂತ ಓದಿದ್ದು ಇದೇ ತತ್ವ, ಹೆಚ್ಚುವರಿ ಮಾಹಿತಿ ಸೇರಿಸಿ ತಪ್ಪು ಹಿಡಿಯೋದು. ಪಾಣಿನಿಯ ವ್ಯಾಕರಣ ಸುಮಾರು 4000 ಸೂತ್ರ. ಅದರಲ್ಲಿ ಒಂದು ನಿಯಮ ಇನ್ನೊಂದನ್ನ ಕರೆಯುತ್ತೆ, ಒಂದು ಇನ್ನೊಂದನ್ನ ತಡೆಯುತ್ತೆ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಓಡಾಡೋ ಹುಡುಗನನ್ನ ಸುಮ್ಮನೆ ಭಾಷೆ ಓದ್ತಿದ್ದಾನೆ ಅಂತ ತಳ್ಳಿಹಾಕೋದು ಹೇಗೆ?

ಇನ್ನೊಂದು ವಿಷಯ. ಸಂಸ್ಕೃತ ಆಗ ನಮ್ಮ ಕಡೆ ಆಡಳಿತದ ಭಾಷೆ ಆಗಿರಲಿಲ್ಲ. ಶಿಕಾರಿಪುರ ತಾಲೂಕಲ್ಲೇ ಮಳವಳ್ಳಿ ಅಂತ ಒಂದು ಊರಿದೆ, ಮಂಡ್ಯದ್ದಲ್ಲ. ಅಲ್ಲಿನ ಹಳೇ ಕಂಬದ ಶಾಸನ ಪ್ರಾಕೃತದಲ್ಲಿದೆ. ರಾಜರ ಕಾಗದಪತ್ರ ಪ್ರಾಕೃತ, ಜನರ ಮಾತು ಕನ್ನಡ. ಸಂಸ್ಕೃತ ಅಂದರೆ ಓದಿದವರ ಭಾಷೆ, ಕಲಿತರೆ ಎಲ್ಲಿ ಹೋದರೂ ಮರ್ಯಾದೆ ತರೋ ಭಾಷೆ. ಇವತ್ತು ಸೊರಬದಿಂದ ಹೋಗಿ ಫ್ರೆಂಚ್ ಓದೋದು ಹೆಚ್ಚುಕಡಿಮೆ ಆ ತರಹದ್ದೇ ಪ್ರಯಾಣ.

ಆದರೆ ಒಂದು ಮುಚ್ಚಿಡೋದು ಬೇಡ. ಘಟಿಕೆಯ ಬಾಗಿಲು ಎಲ್ಲರಿಗೂ ತೆಗೆದಿರಲಿಲ್ಲ. ಮಯೂರನಿಗೆ ತೆಗೆಯಿತು, ಯಾಕಂದರೆ ಅವನು ವೇದ ಓದೋ ಮನೆಯಲ್ಲಿ ಹುಟ್ಟಿದ್ದ, ಗಂಡು ಹುಡುಗ ಆಗಿದ್ದ. ಅದೇ ತಾಳಗುಂದದಲ್ಲಿ ಹೊಲ ಉಳೋರ ಮಗ, ಮಡಕೆ ಮಾಡೋರ ಮಗಳು ಐನೂರು ಕಿಲೋಮೀಟರ್ ನಡೆದು ಹೋಗಿದ್ದರೂ ಒಳಗೆ ಬಿಡ್ತಿರಲಿಲ್ಲ. ಮಯೂರನಿಗೆ ಮುಂದೆ ಆದ ಅವಮಾನದ ಬಗ್ಗೆ ಓದುವಾಗ ನಮಗೆ ಸಿಟ್ಟು ಬರುತ್ತಲ್ಲ, ಆ ಸಿಟ್ಟಿನ ಪಕ್ಕದಲ್ಲಿ ಇದೂ ಇರಲಿ.

ಅವಮಾನ ಆದದ್ದು ಹೇಗೆ ಅನ್ನೋದರ ಬಗ್ಗೆ ಕಂಬದಲ್ಲಿರೋದು ಬಹಳ ಸಣ್ಣ ಮಾತು. ಪಲ್ಲವರ ಕುದುರೆಗೆ ಸಂಬಂಧಪಟ್ಟ ಯಾರ ಜೊತೆಗೋ ಜೋರು ಜಗಳ ಆಯ್ತು, ಮಯೂರ ಕೆರಳಿದ. ಅಷ್ಟೇ. ಆ ಒಂದು ಸಮಾಸ ಪದವನ್ನ ಹೇಗೆ ಬಿಡಿಸೋದು ಅನ್ನೋದರ ಮೇಲೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಕುದುರೆ ಸವಾರ ಅಂತ ಒಬ್ಬರು, ಕುದುರೆ ಪಡೆಯ ಕಾವಲಿನವ ಅಂತ ಇನ್ನೊಬ್ಬರು, ಅಶ್ವಮೇಧ ಯಾಗದ ಸಂದರ್ಭ ಅಂತ ಮತ್ತೊಬ್ಬರು. ವ್ಯಾಕರಣದ ಒಂದು ಗಂಟು ಹೇಗೆ ಬಿಚ್ಚುತ್ತೀರಿ ಅನ್ನೋದರ ಮೇಲೆ ಒಂದು ರಾಜ್ಯ ಹುಟ್ಟಿದ ಕಾರಣವೇ ಬದಲಾಗುತ್ತೆ. ಭಾಷೆ ಓದಿ ಏನು ಪ್ರಯೋಜನ ಅಂದ ಗೆಳೆಯರಿಗೆ ಇದನ್ನ ತೋರಿಸಿದ್ವಿ. ಅವರು ಮಾತು ಬದಲಾಯಿಸಿದರು.

ನಮಗೆ ಮಾತ್ರ ಅರ್ಥ ಆಗೋದು ಸವಾರನ ಕಥೆ. ಹೊರಊರಿನ ಹುಡುಗ, ಅಲ್ಲಿನ ಭಾಷೆ ತಮಿಳು, ಉಡುಗೆ ಬೇರೆ, ಪರಿಚಯದವರು ಇಲ್ಲ. ದಾರಿಯಲ್ಲಿ ಸರ್ಕಾರಿ ಕುದುರೆ ಮೇಲೆ ಬಂದವನು ಏನೋ ಅಂದ. ಹೊರ ರಾಜ್ಯದಲ್ಲಿ ಓದ್ತಿರೋ ನಮ್ಮ ಗೆಳೆಯರು ಹೇಳೋ ಅನುಭವಗಳಿಗೂ ಇದಕ್ಕೂ ದೂರ ಇಲ್ಲ. ಎಷ್ಟೋ ಜನ ನುಂಗಿಕೊಂಡು ಸುಮ್ಮನಾಗ್ತಾರೆ. ಡಿಗ್ರಿ ಮುಗೀಲಿ ಅಂತ.

ಮಯೂರ ಸುಮ್ಮನಾಗಲಿಲ್ಲ. ಅವನು ಏನು ಯೋಚಿಸಿದ ಅಂತ ಕುಬ್ಜ ಬರೀತಾನೆ. ಅದು ಜಗಳದ ಮಾತಲ್ಲ, ಒಂದು ವಾದ. ಒಬ್ಬ ವಿದ್ಯಾರ್ಥಿ ಗುರುವಿನ ಸೇವೆ ಮಾಡಿ, ಕಷ್ಟಪಟ್ಟು ಪಾಠ ಒಪ್ಪಿಸಿ, ಎಲ್ಲ ನಿಯಮ ಪಾಲಿಸಿದರೂ, ಕೊನೆಗೆ ಅವನ ವಿದ್ಯೆ ಸಿದ್ಧಿಸೋದು ರಾಜನ ಕೈಯಲ್ಲಿದೆ ಅಂದರೆ ಅದಕ್ಕಿಂತ ನೋವಿನ ವಿಷಯ ಯಾವುದು? ಈ ಕಾಲದಲ್ಲಿ ಓದಿದವನು ಆಯುಧ ಹಿಡಿದವನಿಗಿಂತ ಕೆಳಗೆ ಇರಬೇಕಾಯ್ತಲ್ಲ ಅನ್ನೋದು ಅವನ ದುಃಖ. ಇದು ಬರೀ ಅವನ ಕಲ್ಪನೆ ಅಲ್ಲ. ಒಂಬತ್ತನೇ ಶತಮಾನದ ಪಲ್ಲವರ ವೇಲೂರ್ಪಾಳೈಯಂ ತಾಮ್ರಪಟದಲ್ಲಿ, ತಮ್ಮ ಹಿರೀಕ ಸ್ಕಂದಶಿಷ್ಯ ಅನ್ನೋನು ಸತ್ಯಸೇನ ಅನ್ನೋ ರಾಜನಿಂದ ಬ್ರಾಹ್ಮಣರ ಘಟಿಕೆಯನ್ನ ಕಿತ್ತುಕೊಂಡ ಅಂತ ಹೆಮ್ಮೆಯಿಂದ ಬರೆಸಿದ್ದಾರೆ. ಕೋಟೆ ಗೆದ್ದ ಹಾಗೆ ಕಾಲೇಜು ಗೆಲ್ಲೋದು! ಒಳಗೆ ಕೂತು ಓದ್ತಿದ್ದ ಹುಡುಗರನ್ನ ಯಾರು ಕೇಳಿದರು.

ಆಮೇಲೆ ಬರೋ ಚಿತ್ರ ಇಡೀ ಕಂಬದಲ್ಲೇ ಚೆನ್ನಾಗಿರೋದು ಅಂತ ನಮ್ಮ ಅನಿಸಿಕೆ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಅಭ್ಯಾಸ ಆಗಿದ್ದ ಕೈ ಹೊಳೆಯೋ ಕತ್ತಿಯನ್ನ ಒರೆಯಿಂದ ಎಳೆಯಿತು ಅಂತ ಕವಿ ಹೇಳ್ತಾನೆ. ಆ ಕೈಯ ಹಳೇ ಕೆಲಸವನ್ನ ಒಂದೊಂದಾಗಿ ಹೇಳಿದ ಮೇಲೆ ಕತ್ತಿ ಬರೋದು. ಸಿನಿಮಾದವರಿಗೆ ಕತ್ತಿ ಮುಖ್ಯ. ಕುಬ್ಜನಿಗೆ ಆ ಕೈ ಏನು ಬಿಟ್ಟು ಬಂತು ಅನ್ನೋದೂ ಮುಖ್ಯ. ಓದು ಬಿಟ್ಟದ್ದು ದೊಡ್ಡ ಸಾಹಸ ಅಂತ ಅವನು ಚಪ್ಪಾಳೆ ಹೊಡೆಯಲ್ಲ. ನಾವು ಈಗೆಲ್ಲ ಕಾಲೇಜು ಬಿಟ್ಟು ಕಂಪನಿ ಕಟ್ಟಿದವರ ಕಥೆ ಕೇಳಿ ಕೇಳಿ ಬೆಳೆದವರು. ಹಾಗೆ ಬಿಟ್ಟು ಕಳೆದುಹೋದವರ ಕಥೆಗೆ ಕಂಬ ನೆಡೋರು ಇಲ್ಲ. ಮಯೂರನ ಕಥೆಯನ್ನ ಆ ಸಾಲಿಗೆ ಸೇರಿಸೋಕೆ ನಮ್ಮಲ್ಲಿ ಇಬ್ಬರಿಗೆ ಮನಸ್ಸಿಲ್ಲ, ಒಬ್ಬಳಿಗೆ ಮಾತ್ರ ಸೇರಿಸಬಹುದು ಅನ್ನಿಸಿದೆ. ವಾದ ಇನ್ನೂ ಮುಗಿದಿಲ್ಲ.

ಮುಂದಿನದು ಯುದ್ಧ, ಅದನ್ನ ಬೇಗ ಹೇಳಿ ಮುಗಿಸ್ತೀವಿ. ಪಲ್ಲವರ ಗಡಿ ಕಾಯೋ ಅಂತಪಾಲರನ್ನ ಸೋಲಿಸಿ ಅವನು ಕಾಡು ಸೇರಿದ. ಶ್ರೀಪರ್ವತದ ಬಾಗಿಲವರೆಗೆ ಹಬ್ಬಿದ್ದ ಕಾಡು, ಅಂದರೆ ಈಗಿನ ಶ್ರೀಶೈಲದ ಕಡೆ. ಅಲ್ಲಿಂದ ಬೃಹದ್ಬಾಣ ಮೊದಲಾದ ಸಾಮಂತರಿಂದ ಕಪ್ಪ ವಸೂಲಿ ಶುರು ಮಾಡಿದ. ಕಾಂಚಿಯಿಂದ ದೊಡ್ಡ ಸೈನ್ಯ ಬಂತು. ಎದುರು ನಿಂತು ಹೊಡೆದಾಡೋ ಅಷ್ಟು ಬಲ ಇವನಿಗಿರಲಿಲ್ಲ. ರಾತ್ರಿ ಹೊತ್ತು, ಅಡಗೋಕೆ ಅನುಕೂಲ ಇರೋ ಜಾಗದಲ್ಲಿ ಕಾದು, ಗಿಡುಗ ಎರಗೋ ಹಾಗೆ ಸೈನ್ಯದ ಮೇಲೆ ಬೀಳ್ತಿದ್ದ. ಕೊನೆಗೆ ಪಲ್ಲವರು ಲೆಕ್ಕ ಹಾಕಿದರು. ಇವನನ್ನ ಮುಗಿಸಿ ಸಿಗೋ ಲಾಭಕ್ಕಿಂತ ಸ್ನೇಹ ಮಾಡ್ಕೊಂಡ್ರೆ ಸಿಗೋದು ಜಾಸ್ತಿ.

ಇಲ್ಲಿ ಸಿನಿಮಾ ಹೇಳದ ಇನ್ನೊಂದು ಸಂಗತಿ ಇದೆ. ಮಯೂರ ಪಲ್ಲವರನ್ನ ಸೋಲಿಸಿ ಕಾಂಚಿಯ ಸಿಂಹಾಸನ ಹತ್ತಲಿಲ್ಲ. ಅವರ ಸೇವೆಗೇ ಸೇರಿದ. ಅವರ ಪರವಾಗಿ ಯುದ್ಧ ಮಾಡಿ ಮೆಚ್ಚಿಸಿದ. ಅವರ ಕೈಯಿಂದಲೇ ಪಟ್ಟ ಕಟ್ಟಿಸಿಕೊಂಡ. ಪಶ್ಚಿಮ ಸಮುದ್ರದಿಂದ ಪ್ರೇಹರಾ ಅನ್ನೋ ಗಡಿವರೆಗಿನ ನಾಡು, ಬೇರೆ ಯಾರೂ ಒಳಗೆ ಕಾಲಿಡಬಾರದು ಅನ್ನೋ ಒಪ್ಪಂದದ ಜೊತೆ ಅವನಿಗೆ ಬಂತು. ಯಾರಿಂದ ಅವಮಾನ ಆಯ್ತೋ ಅವರ ಜೊತೆಗೇ ಕೈ ಕುಲುಕಿದ್ದು ಸರಿಯಾ? ಸಿನಿಮಾಕ್ಕೆ ಇದು ಕ್ಲೈಮ್ಯಾಕ್ಸ್ ಆಗಲ್ಲ ನಿಜ. ಆದರೆ ನಮಗೆ ಈ ಮಯೂರ ಹೆಚ್ಚು ನಂಬೋ ಹಾಗೆ ಕಾಣ್ತಾನೆ. ಅವನಿಗೆ ಬೇಕಾಗಿದ್ದದ್ದು ಕಾಂಚಿ ಅಲ್ಲ. ತನ್ನ ಕಡೆಯವರ ಓದು, ಬದುಕು ಇನ್ನೊಬ್ಬರ ಕುದುರೆ ಕಾಲಡಿ ಇರಬಾರದು ಅನ್ನೋದು.

ಇದೆಲ್ಲ ನಡೆದದ್ದು ಸುಮಾರು 345ರ ಹೊತ್ತಿಗೆ ಅಂತ ಹೆಚ್ಚಿನ ಇತಿಹಾಸಕಾರರ ಲೆಕ್ಕ. ರಾಜಧಾನಿ ಬನವಾಸಿ. ಹೊರಟ ಊರಿನಿಂದ ಅದು ಎಷ್ಟು ಹತ್ತಿರ ಅಂದರೆ, ಅಷ್ಟೆಲ್ಲ ಸುತ್ತಿ ಬಂದು ಹುಡುಗ ಪಕ್ಕದೂರಲ್ಲೇ ನೆಲೆ ನಿಂತ ಹಾಗಾಯ್ತು.

ರಾಜನಾಗಿ ಅವನು ಏನು ಮಾಡಿದ ಅನ್ನೋದಕ್ಕೆ ಅವನ ಕಾಲದ್ದೇ ಸಾಕ್ಷಿ ಅಂದರೆ ಚಿತ್ರದುರ್ಗದ ಹತ್ತಿರ ಚಂದ್ರವಳ್ಳಿಯ ಬಂಡೆಯ ಮೇಲಿನ ಸಣ್ಣ ಶಾಸನ, ಮೂರೇ ಸಾಲು. ಡಾ. ಎಂ. ಎಚ್. ಕೃಷ್ಣ 1929ರಲ್ಲಿ ಅದನ್ನ ಓದಿದರು. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಅನ್ನೋದು ಅದರ ಮುಖ್ಯ ವಿಷಯ. ಜೊತೆಗೆ ಅವನು ಗೆದ್ದ ರಾಜರ ಹೆಸರುಗಳ ಪಟ್ಟಿ ಇದೆ ಅಂತ ಕೃಷ್ಣ ಓದಿದ್ದರು, ಆಮೇಲೆ ಬಂದ ವಿದ್ವಾಂಸರು ಅಲ್ಲಿ ಅಷ್ಟು ಹೆಸರು ಕಾಣಲ್ಲ ಅಂದರು. ಗೆದ್ದವರ ಪಟ್ಟಿ ಮಸುಕಾಗಿದೆ, ಕೆರೆಯ ಮಾತು ಉಳಿದಿದೆ. ತಮಾಷೆ ಅಂದರೆ ಶಾಸನದ ಭಾಷೆ ಪ್ರಾಕೃತ. ಕಾಂಚಿವರೆಗೆ ಹೋಗಿ ಸಂಸ್ಕೃತ ಓದಿದವನು, ಕೆರೆ ಬೋರ್ಡ್ ಹಾಕುವಾಗ ಆಫೀಸಿನ ಭಾಷೆಯನ್ನೇ ಬಳಸಿದ್ದಾನೆ.

ಕಾಲ ಕಳೆದ ಹಾಗೆ ಕಥೆ ದೊಡ್ಡದಾಯ್ತು. ನಂತರದ ಶಾಸನಗಳಲ್ಲಿ ಅವನು 18 ಅಶ್ವಮೇಧ ಮಾಡಿದ ಅಂತ ಬರುತ್ತೆ. ತಾಳಗುಂದದ ಕಂಬದಲ್ಲಿ ಮಯೂರನ ಹೆಸರಿಗೆ ಅಂಥದ್ದು ಒಂದೂ ಇಲ್ಲ. ಮಾಡಿದ್ದಿದ್ದರೆ ಕುಬ್ಜ ಬಿಡ್ತಿದ್ದನಾ? ಇನ್ನೂ ಈಚೆಗೆ ಬಂದರೆ ಮುಕ್ಕಣ್ಣ ಕದಂಬ, ಅಂದರೆ ಮೂರು ಕಣ್ಣಿನ ಮೂಲಪುರುಷ. ಅವನು ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನ ಕರೆತಂದು ಸ್ಥಾನಕುಂದೂರಲ್ಲಿ ನೆಲೆ ಮಾಡಿಸಿದ ಅಂತ ಕಥೆ. ಅಜ್ಜನ ಕೈ ಹಿಡಿದು ನಡೆದುಹೋದ ಹುಡುಗ ಈ ಕಥೆಗಳಲ್ಲಿ ಪೂರ್ತಿ ಮಾಯ ಆಗ್ತಾನೆ.

ಮಯೂರನ ನಂತರ ಕಂಗವರ್ಮ, ಭಗೀರಥ, ರಘು, ಆಮೇಲೆ ಕಾಕುಸ್ಥವರ್ಮ. ಕಾಕುಸ್ಥನ ಹೊತ್ತಿಗೆ ಕದಂಬರ ಹೆಣ್ಣುಮಕ್ಕಳನ್ನ ಗುಪ್ತರ ಮನೆಗೂ ಕೊಡೋ ಅಷ್ಟು ದೊಡ್ಡ ಮನೆತನ. ಅವನು ತಾಳಗುಂದದ ಶಿವನ ಗುಡಿ ಹತ್ತಿರ ಒಂದು ಕೆರೆ ಕಟ್ಟಿಸಿದ. ಹಿಂದೆ ಸಾತಕರ್ಣಿ ಮೊದಲಾದ ರಾಜರು ಪೂಜೆ ಮಾಡ್ತಿದ್ದ ಗುಡಿ ಅದು ಅಂತ ಕಂಬ ಹೇಳುತ್ತೆ. ಅಸಲಿಗೆ ಕುಬ್ಜನಿಗೆ ಸಿಕ್ಕಿದ್ದ ಕೆಲಸ ಆ ಕೆರೆಯ ವಿಷಯ ಬರೆಯೋದು! ಮಯೂರನ ಕಥೆ ಅದಕ್ಕೆ ಪೀಠಿಕೆ. ಒಂದು ನೀರಾವರಿ ಕಾಮಗಾರಿಯ ಉದ್ಘಾಟನೆ ಫಲಕಕ್ಕೆ ಇಷ್ಟು ಒಳ್ಳೆ ಸಾಹಿತ್ಯ ಇನ್ನೆಲ್ಲೂ ಬರೆದಿರಲಿಕ್ಕಿಲ್ಲ. ಅಪ್ಪ ತಾತಂದಿರ ಬಗ್ಗೆ ಎರಡು ಸಾಲು ಹಾಕಿ ಮುಗಿಸಬಹುದಿತ್ತು. ಅವನು ಹಾಗೆ ಮಾಡದೇ ಇದ್ದದ್ದರಿಂದ ನಮಗೆ ಮಯೂರ ಸಿಕ್ಕ. ಕುಬ್ಜ ಯಾವ ಘಟಿಕೆಯಲ್ಲಿ ಓದಿದವನೋ, ಪ್ಯಾಕೇಜ್ ಎಷ್ಟಿತ್ತೋ.

ಇದೇ ತಾಳಗುಂದದಲ್ಲಿ 2013-14ರ ಸುಮಾರಿಗೆ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹದ ಕಟಾಂಜನ ಸಿಕ್ಕಿ, ಅದರ ಮೇಲಿನ ಬರಹದಲ್ಲಿ ಕನ್ನಡ ಇದೆ, ಅದು 370ರ ಸುಮಾರಿನದು, ಹಲ್ಮಿಡಿಗಿಂತ ಹಳೇದು ಅಂತ ಸುದ್ದಿ ಆಯ್ತು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಒಪ್ಪಿದರೆ ಮಯೂರನ ಊರಲ್ಲಿ, ಅವನ ಕಾಲಕ್ಕೆ ತಾಗಿಕೊಂಡೇ ಕನ್ನಡ ಕಲ್ಲಿನ ಮೇಲೆ ಬಂದಿತ್ತು ಅಂತಾಯ್ತು.

ಓದೋಕೆ ಆ ಹುಡುಗ ಊರು ಬಿಡಬೇಕಾಗಿತ್ತಲ್ಲ, ಆ ಊರಿನ ಸುತ್ತಮುತ್ತ ಮುಂದಿನ ಎಂಟುನೂರು ವರ್ಷದಲ್ಲಿ ಏನಾಯ್ತು ಅಂತ ನೋಡಿ. ಬಳ್ಳಿಗಾವಿಯ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಶಾಸನ ಇದೆ. ಅಲ್ಲಿ ನಾಲ್ಕು ವೇದ, ಪಾಣಿನಿ, ಶಾಕಟಾಯನ ಮುಂತಾದವರ ವ್ಯಾಕರಣಗಳು, ಬೌದ್ಧ ದರ್ಶನವೂ ಸೇರಿದ ತತ್ವಶಾಸ್ತ್ರ, ಪುರಾಣ, ಕಾವ್ಯ, ನಾಟಕ ಎಲ್ಲ ಓದಿಸ್ತಿದ್ದರು. ಬಡವರಿಗೆ, ಕುರುಡರಿಗೆ ಊಟ, ರೋಗಿಗಳಿಗೆ ಔಷಧಿ ಅಲ್ಲೇ. ಸೊರಬ ತಾಲೂಕಿನ ಕುಪ್ಪಟೂರು ಕೂಡ ವಿದ್ವಾಂಸರ ಅಗ್ರಹಾರ ಅಂತ ಹೆಸರು ಮಾಡಿತ್ತು. ಅದೇ ಶತಮಾನದಲ್ಲಿ ಪಕ್ಕದ ಉಡುತಡಿಯಿಂದ ಒಬ್ಬ ಹುಡುಗಿ ಹೊರಟಳು. ಯಾವ ಘಟಿಕೆಯೂ ಸೇರದ ಅಕ್ಕಮಹಾದೇವಿ ಬರೆದದ್ದನ್ನ ನಾವು ಇವತ್ತೂ ಅರ್ಥಕೋಶ ಇಲ್ಲದೆ ಓದ್ತೀವಿ. ತಾಳಗುಂದದ ಅಗ್ರಹಾರದ ಹನ್ನೆರಡನೇ ಶತಮಾನದ ಶಾಸನದಲ್ಲಿ ವೇದ, ವ್ಯಾಕರಣ, ವೇದಾಂತ ಹೇಳೋ ಉಪಾಧ್ಯಾಯರ ಸಾಲಲ್ಲೇ ಚಿಕ್ಕ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸೋರಿಗೂ ದತ್ತಿ ಇಟ್ಟಿದ್ದಾರೆ.

ಮಯೂರ ಮತ್ತೆ ಕಾಂಚಿಗೆ ಹೋಗಿ ಓದು ಮುಂದುವರೆಸಿದ ಅಂತ ಯಾವ ಕಲ್ಲೂ ಹೇಳಲ್ಲ.

ಕಂಬ ನೋಡೋಕೆ ಹೋಗೋರಿಗೆ: ಶಿರಾಳಕೊಪ್ಪದವರೆಗೆ ಶಿಕಾರಿಪುರದಿಂದಲೂ ಸೊರಬದಿಂದಲೂ ಬಸ್ ಇದೆ, ಅಲ್ಲಿಂದ ಆಟೋ ಹಿಡಿಯಬಹುದು. ಬಳ್ಳಿಗಾವಿಯನ್ನೂ ಅದೇ ದಿನ ನೋಡಿ ಬರಬಹುದು. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರಗಳು ಚೆನ್ನಾಗಿ ಎದ್ದು ಕಾಣ್ತವೆ, ಮಧ್ಯಾಹ್ನ ಹೋದರೆ ಬರೀ ಕಂಬ.